ಕಾಡು ಉಳಿಸುವುದು ಪೂಜೆಯೋ, ‘ಮುಟ್ಟಬೇಡ’ ಎಂಬ ಮಾತೋ?

ಕಾಲುದಾರಿ (ಚರ್ಚೆ ಶುರು ಮಾಡಿದವರು)

ಪರಿಸರದ ಮಾತು ಎಲ್ಲೇ ಬರಲಿ, ‘ನಮ್ಮ ಧರ್ಮ ಪ್ರಕೃತಿಯನ್ನೇ ದೇವರು ಅಂದಿದೆ’ ಎನ್ನುವವರೊಬ್ಬರು ಇದ್ದೇ ಇರುತ್ತಾರೆ. ಯಾವ ಧರ್ಮದವರನ್ನು ಕೇಳಿ, ಹೆಚ್ಚುಕಡಿಮೆ ಇದೇ ಉತ್ತರ. ಇಷ್ಟು ಭಕ್ತರಿದ್ದೂ ಭೂಮಿಯ ಗತಿ ಹೀಗೇಕಾಯಿತು ಅಂತ ಕೇಳಿದರೆ ಮಾತ್ರ ಎಲ್ಲರಿಗೂ ಎಲ್ಲೋ ಕೆಲಸ ನೆನಪಾಗುತ್ತದೆ.

ನನ್ನ ತಲೆ ಕೊರೆಯುತ್ತಿರುವುದು ಎರಡು ಬೆಟ್ಟಗಳು. ಒಂದು ಎವರೆಸ್ಟ್. ಶೆರ್ಪಾಗಳಿಗೆ ಅದು ಮಿಯೊಲಾಂಗ್ಸಾಂಗ್ಮಾ ಎಂಬ ದೇವಿ ನೆಲೆಸಿದ ಜಾಗ. ಹತ್ತುವ ಮೊದಲು ಬುಡದ ಶಿಬಿರದಲ್ಲಿ ಲಾಮಾ ಕೂತು ಪೂಜೆ ಮಾಡಿಸಿ, ದೇವಿಯ ಅಪ್ಪಣೆ ಕೇಳಿಯೇ ಹೊರಡುತ್ತಾರೆ. ಆಮೇಲೆ ಆ ಬೆಟ್ಟದ ಮೇಲೆ ಉಳಿಯುವುದೇನು? ಖಾಲಿ ಆಮ್ಲಜನಕದ ಸಿಲಿಂಡರ್, ಹರಿದ ಡೇರೆ, ಮಲ, ಹೆಣ. 2014ರಲ್ಲಿ ಪ್ರತಿ ಆರೋಹಿ 8 ಕಿಲೋ ಕಸ ಕೆಳಗೆ ತರಲೇಬೇಕು ಅಂತ ನೇಪಾಳ ನಿಯಮ ಮಾಡಬೇಕಾಯಿತು.

ಇನ್ನೊಂದು ಭೂತಾನಿನ ಗಂಗ್‌ಖರ್ ಪುಎನ್ಸುಮ್. 7,570 ಮೀಟರ್. ಜಗತ್ತಿನಲ್ಲಿ ಯಾರೂ ತುದಿ ಮುಟ್ಟದ ಶಿಖರಗಳ ಪೈಕಿ ಇದೇ ಎತ್ತರದ್ದು. ಬೆಟ್ಟದ ತುದಿ ದೇವತೆಗಳ ಮನೆ ಎಂಬ ಜನರ ನಂಬಿಕೆಗೆ ಬೆಲೆ ಕೊಟ್ಟು 1994ರಲ್ಲಿ 6,000 ಮೀಟರಿಗಿಂತ ಎತ್ತರದ ಶಿಖರ ಹತ್ತುವುದನ್ನೂ, 2003ರಲ್ಲಿ ಪರ್ವತಾರೋಹಣವನ್ನೇ ಪೂರ್ತಿಯಾಗಿಯೂ ಭೂತಾನ್ ನಿಲ್ಲಿಸಿತು.

ಎರಡೂ ಹಿಮಾಲಯ, ಎರಡೂ ಕಡೆ ಬೌದ್ಧರು, ಎರಡೂ ಪವಿತ್ರ. ಒಂದು ಕಡೆ ‘ಕೈಮುಗಿದು ಹತ್ತು’, ಇನ್ನೊಂದು ಕಡೆ ‘ಹತ್ತಬೇಡ’. ನನಗನಿಸುವುದು ಇಷ್ಟು: ಪೂಜೆ ಏನನ್ನೂ ಕಾಪಾಡುವುದಿಲ್ಲ. ಕಾಪಾಡುವುದು ತಡೆ. ಜಪಾನಿನ ಒಕಿನೊಶಿಮಾ ದ್ವೀಪದಿಂದ ಒಂದು ಹುಲ್ಲುಕಡ್ಡಿಯನ್ನೂ ಹೊರಗೆ ತರುವಂತಿಲ್ಲ. ಕಾಡು ಹಾಗೇ ನಿಂತಿದೆ. ದೇವರು ‘ಎಲ್ಲರೂ ಬನ್ನಿ’ ಎಂದ ಕಡೆ ಕಸ, ‘ಬರಬೇಡಿ’ ಎಂದ ಕಡೆ ಕಾಡು.

ಒಪ್ಪದವರು ಬನ್ನಿ, ಜಗಳ ಆಡೋಣ.

ನಾಸ್ತಿಕ ನೊಣ

ಬಂದೆ. ನೀವು ಕೊಟ್ಟ ಉದಾಹರಣೆಯೇ ನಿಮ್ಮ ಕಾಲು ಎಳೆಯುತ್ತಿದೆ ಸ್ವಾಮಿ. ಭೂತಾನಿನದು ಸರಕಾರ ಮಾಡಿದ ಕಾನೂನು. ಕಾನೂನು ಇದ್ದ ಮೇಲೆ ದೇವರಿಗೇನು ಕೆಲಸ? ಅಂಟಾರ್ಕ್ಟಿಕಾಕ್ಕೆ ಯಾವ ಕುಲದೇವತೆಯೂ ಇಲ್ಲ, ಅರ್ಚಕರೂ ಇಲ್ಲ. 1959ರ ಒಪ್ಪಂದ, ಆಮೇಲೆ 1991ರ ಮ್ಯಾಡ್ರಿಡ್ ಒಡಂಬಡಿಕೆ. ಅಷ್ಟರಿಂದಲೇ ಇಡೀ ಖಂಡದಲ್ಲಿ ಗಣಿಗಾರಿಕೆಗೆ ತಡೆ ಬಿದ್ದಿದೆ.

ಕಾಲುದಾರಿ

ಅಂಟಾರ್ಕ್ಟಿಕಾದಲ್ಲಿ ಸೌದೆಗೆ ಹೋಗುವವರೂ ಇಲ್ಲ, ದನ ಮೇಯಿಸುವವರೂ ಇಲ್ಲ. ಜನ ಇರುವ ಜಾಗದ ಉದಾಹರಣೆ ಕೊಡಿ, ಮಾತಾಡೋಣ.

ಬೀಜದುಂಡೆ

ಜನ ಇರುವ ಜಾಗ ತಾನೇ? ಇಥಿಯೋಪಿಯದ ಉತ್ತರ ಭಾಗವನ್ನು ಉಪಗ್ರಹ ಚಿತ್ರದಲ್ಲಿ ನೋಡಿ. ಎಲ್ಲಿ ನೋಡಿದರೂ ಕಂದು ಬಣ್ಣದ ಹೊಲ. ನಡುನಡುವೆ ಹಸಿರು ಬೊಟ್ಟು ಇಟ್ಟಂತೆ ದುಂಡನೆಯ ಕಾಡುಗಳು. ಪ್ರತಿ ಬೊಟ್ಟಿನ ನಟ್ಟನಡುವೆ ಒಂದು ಚರ್ಚು. ಇಥಿಯೋಪಿಯನ್ ಆರ್ಥೊಡಾಕ್ಸ್ ಭಕ್ತರಿಗೆ ಚರ್ಚಿನ ಸುತ್ತಲ ಕಾಡು ಈಡನ್ ತೋಟದ ತುಣುಕಿದ್ದ ಹಾಗೆ. ಕಾಡು ಚರ್ಚಿಗೆ ಉಡಿಸಿದ ಬಟ್ಟೆ, ಅದಿಲ್ಲದ ಚರ್ಚು ಬತ್ತಲೆ ಅಂತಲೂ ಹೇಳುತ್ತಾರೆ. ಹೆಚ್ಚಿನವು ಕೆಲವೇ ಹೆಕ್ಟೇರಿನವು. ಆದರೆ ಸುತ್ತಲಿನ ಸೀಮೆಯಲ್ಲಿ ಆ ನೆಲದ ಮೂಲ ಮರಗಳು ಉಳಿದಿರುವುದು ಬಹುಮಟ್ಟಿಗೆ ಅಲ್ಲೇ.

1938ರಲ್ಲಿ, ಇಟಲಿಯ ಆಳ್ವಿಕೆ ಇದ್ದಾಗ, ವಿಮಾನದಿಂದ ತೆಗೆದ ಫೋಟೊಗಳಿವೆ. ಅವನ್ನು ಈಗಿನ ಚಿತ್ರಗಳ ಪಕ್ಕ ಇಟ್ಟು ನೋಡಿದ ಸಂಶೋಧಕರಿಗೆ ಆ ಕಾಡುಗಳ ಅಂಚು ಬಹುಪಾಲು ಅಲ್ಲೇ ಇದ್ದದ್ದು ಕಂಡಿತು. ಸುತ್ತಲಿನ ಕುರುಚಲು ಕಾಡು ಹೋಯಿತು, ಹೊಲ ಬಂತು, ರಾಜ ಹೋದ, ಮಿಲಿಟರಿ ಬಂತು, ಬರಗಾಲವೂ ಬಂತು. ಬೊಟ್ಟು ಮಾತ್ರ ಅಳಿಸಲಿಲ್ಲ. ನೊಣ ಅವರೇ, ಈ ಎಂಬತ್ತು ವರ್ಷದಲ್ಲಿ ಅಲ್ಲಿ ಎಷ್ಟು ಸರಕಾರ, ಎಷ್ಟು ಕಾನೂನು ಬದಲಾದವು ಲೆಕ್ಕ ಹಾಕಿ.

ಒಂದು ಮಾತು ಮುಚ್ಚಿಡಬಾರದು. ಅಂಚು ಉಳಿದಿದೆ ಎಂದರೆ ಒಳಗೆಲ್ಲ ಸರಿ ಇದೆ ಎಂದಲ್ಲ. ದನ ನುಗ್ಗಿ ಸಸಿ ಮೇಯುತ್ತವೆ. ದೊಡ್ಡ ಮರ ನಿಂತಿದೆ, ಕೆಳಗೆ ಮುಂದಿನ ತಲೆಮಾರಿನ ಗಿಡವೇ ಇಲ್ಲ. ಮುಂದಿನದನ್ನು ಆಮೇಲೆ ಬರೆಯುತ್ತೇನೆ, ಈಗ ಕರೆಂಟು ಹೋಗುವ ಲಕ್ಷಣ ಇದೆ.

ಹಳೇ ಮೇಷ್ಟ್ರು

ಕಾಲುದಾರಿಯವರ ಮಾತಿಗೆ ನಾನೊಂದು ಪದದ ವಿಚಾರ ಸೇರಿಸುತ್ತೇನೆ. ಮೇಷ್ಟ್ರ ಚಾಳಿ, ಸಹಿಸಿಕೊಳ್ಳಿ.

ನಮ್ಮ ಭಾಷೆಯಲ್ಲಿ ‘ಕೊಳೆ’ ಬೇರೆ, ‘ಮೈಲಿಗೆ’ ಬೇರೆ. ಕೊಳೆ ಕಣ್ಣಿಗೆ ಕಾಣುತ್ತದೆ, ಮೈಲಿಗೆ ಕಾಣುವುದಿಲ್ಲ. ಇಸ್ತ್ರಿ ಮಾಡಿದ ಹೊಸ ಅಂಗಿ ಮೈಲಿಗೆ ಆಗಬಹುದು, ಕಲೆ ಬಿದ್ದ ಒದ್ದೆ ಪಂಚೆ ಮಡಿ ಇರಬಹುದು. ಗಂಗೆಯ ದುರಂತ ಇರುವುದು ಈ ಎರಡು ಪದಗಳ ನಡುವಿನ ಸಂದಿನಲ್ಲಿ. ಅದರ ದಡದ ಜನರ ಜೊತೆ ಕೂತು ಅಧ್ಯಯನ ಮಾಡಿದವರು ಕಂಡದ್ದೂ ಇದನ್ನೇ: ಗಂಗೆಗೆ ಕೊಳೆ ಆಗಬಹುದು, ಮೈಲಿಗೆ ಆಗಲಾರದು. ಎಲ್ಲರ ಪಾಪ ತೊಳೆಯುವ ತಾಯಿ ಒಂದು ಊರಿನ ಚರಂಡಿಯನ್ನು ತೊಳೆಯಲಾರಳೇ? ಭಕ್ತಿ ಇಲ್ಲಿ ನದಿಯನ್ನು ಎಷ್ಟು ಎತ್ತರದಲ್ಲಿ ಕೂರಿಸಿತೆಂದರೆ, ಅವಳಿಗೆ ನೋವಾಗುತ್ತದೆ ಎಂಬುದನ್ನೇ ನಂಬಲಾಗದ ಹಾಗಾಯಿತು.

ಈ ಸಂದಿನಲ್ಲೇ ಬದುಕಿದವರು ವೀರಭದ್ರ ಮಿಶ್ರ. ಕಾಶಿಯ ಸಂಕಟಮೋಚನ ದೇವಸ್ಥಾನದ ಮಹಂತರು, ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ಜಲ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಹೌದು. 1982ರಲ್ಲಿ ಗಂಗೆ ಶುದ್ಧಿಗಾಗಿ ಒಂದು ಪ್ರತಿಷ್ಠಾನ ಕಟ್ಟಿದರು, ನೀರು ಪರೀಕ್ಷೆಗೆ ಪ್ರಯೋಗಾಲಯ ಮಾಡಿದರು. ನೀರಲ್ಲಿ ಏನೇನಿದೆ ಅಂತ ಅಂಕಿ ಸಮೇತ ಗೊತ್ತಿದ್ದೂ ಅದೇ ನೀರಲ್ಲಿ ಸ್ನಾನ ಬಿಡಲಿಲ್ಲ. ಅವರ ಜಾಣ್ಮೆ ನೋಡಿ. ‘ಗಂಗೆ ಮಲಿನವಾಗಿದೆ’ ಎಂದರೆ ಭಕ್ತರು ಸಿಟ್ಟಾಗುತ್ತಾರೆ, ತಾಯಿಯನ್ನು ಬೈದ ಹಾಗೆ. ಅದರ ಬದಲು ‘ತಾಯಿಯ ಮೈಮೇಲೆ ಚರಂಡಿ ಸುರಿಯುತ್ತಿದ್ದಾರೆ ಬಂದು ನೋಡಿ, ಸಹಿಸಬೇಕೇ?’ ಎಂದರೆ ಎದ್ದು ಬರುತ್ತಾರೆ. ವಿಷಯ ಅದೇ. ಮೊದಲನೆಯದು ದೇವಿಯ ಮೇಲೆ ಆರೋಪ, ಎರಡನೆಯದು ಚರಂಡಿಯ ಮೇಲೆ.

2013ರಲ್ಲಿ ತೀರಿಕೊಂಡರು. ಗಂಗೆ ಇನ್ನೂ ಶುದ್ಧವಾಗಿಲ್ಲ ಎಂಬುದನ್ನೂ ಹೇಳಬೇಕು.

ನಾಸ್ತಿಕ ನೊಣ

ಮೇಷ್ಟ್ರೇ, ಚೆನ್ನಾಗಿ ಹೇಳಿದಿರಿ. ಇದಕ್ಕೆ ಬಾಲಂಗೋಚಿ ನಂದೊಂದು. ಉತ್ತರಾಖಂಡ ಹೈಕೋರ್ಟು 2017ರ ಮಾರ್ಚಿನಲ್ಲಿ ಗಂಗೆ, ಯಮುನೆಗಳನ್ನು ‘ಜೀವಂತ ವ್ಯಕ್ತಿ’ ಅಂತ ಸಾರಿತು. ಸರಕಾರಿ ಅಧಿಕಾರಿಗಳನ್ನೇ ಪೋಷಕರನ್ನಾಗಿ ನೇಮಿಸಿತು. ರಾಜ್ಯ ಸರಕಾರ ಓಡಿ ಹೋಗಿ ಸುಪ್ರೀಂ ಕೋರ್ಟಿನ ಬಾಗಿಲು ಬಡಿಯಿತು: ನೆರೆ ಬಂದು ಜನ ಸತ್ತರೆ ಕೇಸು ಯಾರ ಮೇಲೆ ಹಾಕುವುದು ಅಂತ! ಜುಲೈನಲ್ಲೇ ತಡೆಯಾಜ್ಞೆ. ಅದೇ 2017ರ ಮಾರ್ಚಿನಲ್ಲೇ ನ್ಯೂಜಿಲೆಂಡಿನಲ್ಲಿ ವಾಂಗನುಯಿ ನದಿಗೆ ವ್ಯಕ್ತಿಯ ಸ್ಥಾನ ಕೊಡುವ ಕಾನೂನು ಬಂತು, ಇವತ್ತಿಗೂ ನಡೆಯುತ್ತಿದೆ. ನದಿಯ ಪರವಾಗಿ ಮಾತಾಡಲು ಇಬ್ಬರು. ಒಬ್ಬರನ್ನು ಸರಕಾರ, ಇನ್ನೊಬ್ಬರನ್ನು ನದಿ ದಡದ ಮಾವೋರಿ ಬುಡಕಟ್ಟುಗಳು ಆರಿಸುತ್ತಾರೆ. ಅದಕ್ಕೂ ಮೊದಲು ಅವರು ನೂರಕ್ಕೂ ಹೆಚ್ಚು ವರ್ಷ ಹೋರಾಡಿದ್ದರು. ಭಕ್ತರ ಸಂಖ್ಯೆ ನೋಡಿದರೆ ಗಂಗೆಯ ಮುಂದೆ ವಾಂಗನುಯಿ ಏನೂ ಅಲ್ಲ. ವ್ಯತ್ಯಾಸ ನಂಬಿಕೆಯಲ್ಲಿಲ್ಲ, ‘ಇದು ನಮ್ಮ ಹೊಣೆ’ ಅನ್ನುವ ಗುರುತಿಸಬಹುದಾದ ಜನ ಇದ್ದಾರೋ ಇಲ್ಲವೋ ಅನ್ನುವುದರಲ್ಲಿ.

ಮಳೆಹನಿ

ಎಲ್ಲರೂ ‘ತಡೆ, ತಡೆ’ ಅಂತ ಖುಷಿಯಾಗಿ ಮಾತಾಡುತ್ತಿದ್ದೀರಿ. ಒಕಿನೊಶಿಮಾ ಉದಾಹರಣೆ ಕೊಟ್ಟವರು ಒಂದು ವಾಕ್ಯ ನುಂಗಿಕೊಂಡಿದ್ದಾರೆ. ಆ ದ್ವೀಪಕ್ಕೆ ಹೆಂಗಸರು ಕಾಲಿಡುವಂತೆಯೇ ಇರಲಿಲ್ಲ. ಗಂಡಸರು ಸಮುದ್ರದಲ್ಲಿ ಮಿಂದು ಶುದ್ಧವಾಗಿ ಹೋಗಬಹುದಿತ್ತು. 2017ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗಲೂ ಆ ನಿಯಮ ಹಾಗೇ ಇತ್ತು. ಈಗ ಸಾರ್ವಜನಿಕರು ಯಾರಿಗೂ ಪ್ರವೇಶ ಇಲ್ಲ, ಸರಿ. ಆದರೆ ಅಷ್ಟು ಶತಮಾನ ‘ಬರಬೇಡ’ ಎಂದದ್ದು ಯಾರಿಗೆ? ಮೇಷ್ಟ್ರ ಮಡಿ-ಮೈಲಿಗೆಯ ಪಾಠವನ್ನೇ ಮುಂದುವರಿಸಿ. ಕೆರೆಯ ನೀರು ಮುಟ್ಟಬೇಡ ಅಂತ ಕೆಲವರಿಗೆ ಹೇಳಿದ್ದೂ ಧರ್ಮದ ಹೆಸರಲ್ಲೇ. ಅದರಿಂದ ಕೆರೆ ಉಳಿಯಿತು ಅಂತ ಯಾರಾದರೂ ವಾದ ಮಾಡುತ್ತೀರಾ?

ಇನ್ನು ನೀವು ಯಾರೂ ರಾಜಸ್ಥಾನದ ಬಿಷ್ಣೋಯಿ ಪಂಥದವರ ಹೆಸರೇ ಎತ್ತಲಿಲ್ಲ, ಆಶ್ಚರ್ಯ. 1730, ಜೋಧಪುರದ ಹತ್ತಿರ ಖೇಜಡ್ಲಿ. ಮಹಾರಾಜ ಅಭಯಸಿಂಗನ ಅರಮನೆ ಕೆಲಸಕ್ಕೆ ಸೌದೆ ಬೇಕು ಅಂತ ಆಳುಗಳು ಖೇಜ್ಡಿ ಮರ ಕಡಿಯಲು ಬಂದರು. ನಮ್ಮ ಕಡೆ ಬನ್ನಿ ಅನ್ನುತ್ತೀವಲ್ಲ, ಅದೇ ಮರ. ಅಮೃತಾದೇವಿ ಮರ ಅಪ್ಪಿಕೊಂಡು ನಿಂತಳು, ತಲೆ ಹೋಯಿತು. ಹೆಣ್ಣುಮಕ್ಕಳು ನಿಂತರು, ಅವರದೂ ಹೋಯಿತು. ಒಟ್ಟು 363 ಜನ. ಇಲ್ಲಿ ಯಾರೂ ಯಾರಿಗೂ ‘ಒಳಗೆ ಬರಬೇಡ’ ಅನ್ನಲಿಲ್ಲ. ಅವರು ಬದುಕುವುದೇ ಆ ಮರದ ಕೆಳಗೆ. ಕೃಷ್ಣಮೃಗ ಅವರ ಹೊಲದಲ್ಲೇ ಮೇಯುತ್ತದೆ. ಕಾಲುದಾರಿಯವರ ‘ಬರಬೇಡಿ ಎಂದ ಕಡೆ ಕಾಡು’ ಎಂಬ ಸೂತ್ರಕ್ಕೆ ಇದು ಎಲ್ಲಿ ಕೂರುತ್ತದೆ?

ಕಾಲುದಾರಿ

ಒಕಿನೊಶಿಮಾದ ವಿಷಯ ನನಗೆ ಗೊತ್ತಿತ್ತು, ಬರೆಯಲಿಲ್ಲ. ವಾದ ಚಂದ ಕಾಣಲಿ ಅಂತ ಬಿಟ್ಟೆ. ತಪ್ಪು ನನ್ನದು.

ಬಿಷ್ಣೋಯಿಗಳ ವಿಷಯದಲ್ಲೂ ನನ್ನ ಮಾತು ತಿದ್ದಿಕೊಳ್ಳುತ್ತೇನೆ, ಪೂರ್ತಿ ಬಿಡುವುದಿಲ್ಲ. ಅವರ ಪಂಥ ಕಟ್ಟಿದ ಗುರು ಜಾಂಭೋಜಿ 1485ರಲ್ಲಿ ಕೊಟ್ಟದ್ದು 29 ನಿಯಮ. ಬಿಷ್ಣೋಯಿ ಎಂಬ ಹೆಸರೇ ಇಪ್ಪತ್ತು-ಒಂಬತ್ತು ಎಂಬುದರಿಂದ ಬಂತು ಎನ್ನುತ್ತಾರೆ. ಅದರಲ್ಲಿ ‘ಮರ ಪೂಜಿಸು’ ಅಂತ ಅಲ್ಲ, ‘ಹಸಿ ಮರ ಕಡಿಯಬೇಡ’ ಅಂತ ಇದೆ. ತಡೆ ಹಾಕಿದ್ದು ಮನುಷ್ಯರ ಮೇಲೆ ಅಲ್ಲ, ಕೊಡಲಿಯ ಮೇಲೆ. ಸೌದೆ ಉಳಿಯಲಿ ಅಂತ ಹೆಣ ಸುಡದೆ ಹೂಳುವ ಪದ್ಧತಿ ಅವರದು. ಹಿಂದೂ ಸಂಪ್ರದಾಯದ ಒಳಗಿದ್ದು ಹಾಗೆ ಮಾಡುವುದು ಸಣ್ಣ ಮಾತೇ? ತನ್ನ ಮನೆಯ ಸಾವಿನಲ್ಲೂ ಬಿಡದ ನಿಯಮ ರಾಜನ ಆಳಿನ ಮುಂದೆ ಹೇಗೆ ಬಿಟ್ಟೀತು.

ಹಾಗಾಗಿ ತಲೆಬರಹದಲ್ಲೇ ‘ಒಳಗೆ ಬರಬೇಡ’ ಅಂತ ಇದ್ದದ್ದನ್ನು ‘ಮುಟ್ಟಬೇಡ’ ಅಂತ ಬದಲಿಸಿದ್ದೇನೆ.

ಮಳೆಹನಿ

‘ಮುಟ್ಟಬೇಡ’ ಇನ್ನೂ ಕೆಟ್ಟ ಪದ, ಗೊತ್ತಾಯಿತಾ? ಇರಲಿ, ‘ಕಡಿಯಬೇಡ’ ಅಂತ ಓದಿಕೊಳ್ಳುತ್ತೇನೆ.

ಅಲೆಮಾರಿ

ತಡೆ ಎಂದರೆ ಒಳ್ಳೆಯದೇ ಅಂತ ತೀರ್ಮಾನ ಮಾಡುವ ಮೊದಲು ಮಡಗಾಸ್ಕರಿಗೆ ಬನ್ನಿ. ಅಲ್ಲಿ ‘ಫಾದಿ’ ಎಂಬ ನಿಷೇಧಗಳ ಜಾಲವೇ ಇದೆ. ಇದನ್ನು ತಿನ್ನಬಾರದು, ಅಲ್ಲಿ ಕಾಲಿಡಬಾರದು, ಹಿರಿಯರ ಆತ್ಮ ಮುನಿಯುತ್ತದೆ. ಕೆಲವು ಕಡೆ ಸಿಫಾಕಾ ಎಂಬ ಲೀಮರನ್ನು (ಲೀಮರ್ ಎಂದರೆ ಕೋತಿಯ ದೂರದ ನೆಂಟ) ಕೊಲ್ಲುವುದು ಫಾದಿ, ಅದರಿಂದ ಅದು ಬದುಕಿದೆ. ಅದೇ ನಾಡಿನಲ್ಲಿ ಆಯ್-ಆಯ್ ಎಂಬ ಇನ್ನೊಂದು ಪಾಪದ ಲೀಮರ್ ಇದೆ. ರಾತ್ರಿ ಓಡಾಡುತ್ತದೆ, ಕಡ್ಡಿಯಂಥ ಉದ್ದನೆಯ ಬೆರಳು, ದೊಡ್ಡ ಕಣ್ಣು. ಅದು ಕಣ್ಣಿಗೆ ಬಿದ್ದರೆ ಸಾವಿನ ಸೂಚನೆ ಅಂತ ನಂಬಿ ಹಲವು ಊರುಗಳಲ್ಲಿ ಹೊಡೆದು ಸಾಯಿಸುತ್ತಾರೆ. ಒಂದೇ ಬಗೆಯ ನಂಬಿಕೆ ಒಂದು ಲೀಮರನ್ನು ಕಾಯುತ್ತದೆ, ಇನ್ನೊಂದನ್ನು ಕೊಲ್ಲುತ್ತದೆ. ನಂಬಿಕೆಗೆ ಜೀವವಿಜ್ಞಾನ ಗೊತ್ತಿಲ್ಲ.

ಇನ್ನೊಂದು ತೊಂದರೆ. ದ್ವೀಪದ ದಕ್ಷಿಣದಲ್ಲಿ ತಾಂದ್ರುಯಿ, ಮಹಾಫಾಲಿ ಜನರಿಗೆ ಅಲ್ಲಿನ ಚಿಪ್ಪಿನ ಮೇಲೆ ನಕ್ಷತ್ರದಂಥ ಗೆರೆ ಇರುವ ಆಮೆ ಫಾದಿ. ಅವರು ತಿನ್ನುವುದಿಲ್ಲ. ಬೇರೆ ಕಡೆಯಿಂದ ಬಂದವರಿಗೆ ಆ ಫಾದಿ ಇಲ್ಲ, ಹಿಡಿದು ತಿನ್ನುತ್ತಾರೆ, ಮಾರುತ್ತಾರೆ. ಆಮೆ ಈಗ ಅಳಿವಿನ ಅಂಚಿನಲ್ಲಿದೆ. ತಡೆ ಕಟ್ಟುವುದು ನಂಬುವವನನ್ನು ಮಾತ್ರ.

ನಾಸ್ತಿಕ ನೊಣ

ಅದಕ್ಕೇ ಹೇಳಿದ್ದು, ಕಾನೂನು ಬೇಕು ಅಂತ. ಕಾನೂನು ‘ನಂಬ್ತೀಯಾ?’ ಅಂತ ಕೇಳುವುದಿಲ್ಲ.

ಕಡಲಹಕ್ಕಿ

ಕಾನೂನು ಕೇಳುವುದಿಲ್ಲ, ನಿಜ. ಆದರೆ ಸಮುದ್ರದ ಮಧ್ಯೆ ಕಾನೂನು ಇರುವುದೂ ಇಲ್ಲ. ಪೂರ್ವ ಆಫ್ರಿಕಾದ ಜಂಜಿಬಾರಿನ ಪೆಂಬಾ ದ್ವೀಪದ ಪಕ್ಕ ಮಿಸಾಲಿ ಅಂತ ಸಣ್ಣ ದ್ವೀಪ, ಸುತ್ತ ಹವಳದ ದಿಬ್ಬ. ಮೀನುಗಾರರಲ್ಲಿ ಕೆಲವರು ಡೈನಮೈಟ್ ಸಿಡಿಸಿ ಮೀನು ಹಿಡಿಯುತ್ತಿದ್ದರು. ಒಂದು ಸಿಡಿತಕ್ಕೆ ಮೀನೂ ಸಾಯುತ್ತದೆ, ಮೀನು ಮರಿ ಹಾಕುವ ಹವಳವೂ ಪುಡಿ. ಸರಕಾರದ ನಿಷೇಧದಿಂದ ಹೆಚ್ಚು ಫಲ ಸಿಗಲಿಲ್ಲ. 1990ರ ದಶಕದ ಕೊನೆಯಿಂದ ಕುರಾನಿನ ಆಧಾರದ ಮೇಲೆ ಮಾತಾಡಿಸುವ ಕೆಲಸ ಶುರುವಾಯಿತು: ಸೃಷ್ಟಿ ಅಲ್ಲಾಹನದು, ಮನುಷ್ಯ ಅದರ ಒಡೆಯನಲ್ಲ, ಪಾಲಕ. ‘ಖಲೀಫಾ’ ಎಂಬ ಪದಕ್ಕೆ ಅಲ್ಲಿನ ಅರ್ಥ ಅದು. ಆ ದ್ವೀಪದ ಹೆಸರಿಗೇ ನಮಾಜಿನ ಚಾಪೆಯ ಕತೆ ಇದೆ. ಹಿಂದೆ ಒಬ್ಬ ಸಂತ ಬಂದು ಚಾಪೆ ಕೇಳಿದನಂತೆ, ಇಲ್ಲ ಎಂದದ್ದಕ್ಕೆ ಮೆಕ್ಕಾ ಕಡೆ ಮುಖ ಮಾಡಿರುವ ಈ ದ್ವೀಪವೇ ನನ್ನ ಚಾಪೆ ಎಂದನಂತೆ. ಚಾಪೆಯ ಮೇಲೆ ಬಾಂಬು ಹಾಕುವುದುಂಟೇ? ಸರಕಾರದ ದಂಡಕ್ಕೆ ಅಂಜದಿದ್ದ ಕೆಲವರು ಇಮಾಮರ ಮಾತಿಗೆ ಬಗ್ಗಿದರು.

ಇಷ್ಟು ಹೊಗಳಿದ ಮೇಲೆ ಒಂದು ನಗೆಪಾಟಲಿನ ವಿಷಯವನ್ನೂ ಹೇಳಬೇಕು. ಸೆರೆಯಲ್ಲಿರುವ ಜೀವವನ್ನು ಬಿಡಿಸಿದರೆ ಪುಣ್ಯ ಎಂಬುದು ಪೂರ್ವ ಏಷ್ಯಾದ ಬೌದ್ಧರಲ್ಲಿ ಹಳೆಯ ಆಚರಣೆ. ಒಳ್ಳೆಯದೇ. 2015ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕರಾವಳಿಯಲ್ಲಿ ಹೀಗೇ ಪುಣ್ಯಕ್ಕೆಂದು ನೂರಾರು ಏಡಿ, ಕಡಲ ಸಿಗಡಿಗಳನ್ನು ಕೊಂಡು ತಂದು ಸಮುದ್ರಕ್ಕೆ ಬಿಟ್ಟರು. ಅವು ಅಮೆರಿಕದ ಜಾತಿಯವು, ಅಲ್ಲಿನ ಜೀವಿಗಳಿಗೆ ಮಾರಿ. ಹಿಡಿದು ವಾಪಸ್ ತರಲು ಸರಕಾರ ಮೀನುಗಾರರಿಗೆ ದುಡ್ಡು ಕೊಡಬೇಕಾಯಿತು, ಬಿಟ್ಟವರಿಗೆ 2017ರಲ್ಲಿ ಕೋರ್ಟು ದಂಡ ಹಾಕಿತು. ಜೊತೆಗೆ, ಬಿಡಲು ಹಕ್ಕಿ ಬೇಕು ಎಂದರೆ ಹಿಡಿಯಲು ಜನ ಬೇಕು. ಬಿಡುಗಡೆಗೆಂದೇ ಹಕ್ಕಿ ಹಿಡಿಯುವ ವ್ಯಾಪಾರ ಹಲವು ದೇಶಗಳಲ್ಲಿ ನಡೆಯುತ್ತದೆ.

ಹೊಸಬ_27

ಎಲ್ಲಾ ಓದಿದೆ. ಹಾಗಾದರೆ ಯಾವ ಧರ್ಮ ಪರಿಸರಕ್ಕೆ ಹೆಚ್ಚು ಒಳ್ಳೆಯದು?

ನಿರ್ವಾಹಕರು

ಈ ಪ್ರಶ್ನೆ ಇಲ್ಲಿಗೇ ನಿಲ್ಲಲಿ. ಇದರ ಹಿಂದೆ ಹೋದ ಹಳೆಯ ಎರಡು ಚರ್ಚೆಗಳಿಗೆ ಬೀಗ ಹಾಕಿದ್ದೇವೆ.

ಹಳೇ ಮೇಷ್ಟ್ರು

ಹೊಸಬರ ಮೇಲೆ ಸಿಟ್ಟು ಬೇಡ. ದೊಡ್ಡ ದೊಡ್ಡ ವಿದ್ವಾಂಸರೇ ಆ ಹಳ್ಳಕ್ಕೆ ಬಿದ್ದಿದ್ದಾರೆ. 1967ರಲ್ಲಿ ಲಿನ್ ವೈಟ್ ಎಂಬ ಇತಿಹಾಸಕಾರ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ, ಪ್ರಕೃತಿ ಇರುವುದೇ ಮನುಷ್ಯನ ಉಪಯೋಗಕ್ಕೆ ಎಂಬ ಪಶ್ಚಿಮದ ಕ್ರೈಸ್ತ ಭಾವನೆಯೇ ಪರಿಸರದ ಬಿಕ್ಕಟ್ಟಿನ ಬೇರು ಎಂದ. ಕೋಲಾಹಲ ಎದ್ದಿತು. ಅದೇ ಲೇಖನದ ಕೊನೆಗೆ, ಹಕ್ಕಿಗಳಿಗೂ ಉಪದೇಶ ಮಾಡಿದನೆನ್ನುವ ಅಸಿಸಿಯ ಸಂತ ಫ್ರಾನ್ಸಿಸನೇ ಪರಿಸರದವರಿಗೆ ಪಾಲಕ ಸಂತನಾಗಲಿ ಎಂದೂ ಬರೆದಿದ್ದ. ಹನ್ನೆರಡು ವರ್ಷಕ್ಕೆ, 1979ರಲ್ಲಿ, ಪೋಪ್ ಎರಡನೇ ಜಾನ್ ಪಾಲ್ ಹಾಗೇ ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಬಗ್ಗೆ ದೊಡ್ಡ ಪತ್ರವನ್ನೇ ಹೊರಡಿಸಿದರು.

ಇಂಥ ಘೋಷಣೆಗಳಿಂದ ಏನಾಗುತ್ತದೆ ಅಂತ ನನಗೆ ಮೊದಲಿಂದ ಗುಮಾನಿ. ಆದರೆ ಒಮ್ಮೆ ನನ್ನ ಗುಮಾನಿ ಸೋತಿದೆ. 2006ರ ಜನವರಿಯಲ್ಲಿ, ಆಂಧ್ರದ ಅಮರಾವತಿಯಲ್ಲಿ ಕಾಲಚಕ್ರ ಸಮಾರಂಭ. ಹುಲಿ, ಚಿರತೆ, ನೀರುನಾಯಿ ಚರ್ಮದ ಉಡುಪು ಹಾಕುವ ಟಿಬೆಟಿಯನ್ನರನ್ನು ನೋಡಿ ನಾಚಿಕೆಯಾಗುತ್ತದೆ ಎಂಬ ಅರ್ಥದ ಮಾತನ್ನು ದಲೈ ಲಾಮಾ ಆಡಿದರು. ಕೆಲವೇ ವಾರದಲ್ಲಿ ಟಿಬೆಟಿನ ಊರೂರುಗಳಲ್ಲಿ ಜನ ತಮ್ಮ ತುಪ್ಪಳದ ಅಂಗಿಗಳನ್ನು ಬೀದಿಗೆ ತಂದು ಸುಟ್ಟರು. ಒಂದೊಂದೂ ವರ್ಷಗಟ್ಟಲೆ ದುಡಿಮೆಯ ಬೆಲೆಯದು, ಮದುವೆಗೆ, ಹಬ್ಬಕ್ಕೆ ಕಾದಿಟ್ಟದ್ದು. ವನ್ಯಜೀವಿ ಸಂಸ್ಥೆಗಳು ವರ್ಷಗಟ್ಟಲೆ ಕರಪತ್ರ ಹಂಚಿದರೂ ಆಗದ್ದು. ಅದರಲ್ಲಿ ರಾಜಕೀಯವೂ ಸೇರಿತ್ತು ಎನ್ನಿ, ಅವರ ಮಾತು ಕೇಳುವುದೇ ಅಲ್ಲಿ ಒಂದು ಪ್ರತಿಭಟನೆ. ಚೀನಾದ ಅಧಿಕಾರಿಗಳು ಸುಡುವುದನ್ನೇ ತಡೆದರು.

ಮೂರನೇ ದಡ

ಥಾಯ್ಲೆಂಡಿನ ಭಿಕ್ಷುಗಳ ಮಾತು ಯಾರೂ ಎತ್ತಲಿಲ್ಲವಲ್ಲ. 1980ರ ದಶಕದ ಕೊನೆಯಿಂದ ಅವರು ಮರಗಳಿಗೆ ಕಾವಿ ಬಟ್ಟೆ ಸುತ್ತಿ ‘ದೀಕ್ಷೆ’ ಕೊಡುತ್ತಿದ್ದಾರೆ. ಮರ ನಿಜವಾಗಿ ಭಿಕ್ಷು ಆಗುವುದಿಲ್ಲ, ದೀಕ್ಷೆ ಮನುಷ್ಯನಿಗೆ ಮಾತ್ರ ಎಂಬುದು ಅವರಿಗೇ ಚೆನ್ನಾಗಿ ಗೊತ್ತು. ಆದರೆ ಕಾವಿ ಉಟ್ಟದ್ದರ ಮೇಲೆ ಗರಗಸ ಇಡಲು ಕೈ ಬರುವುದಿಲ್ಲ. ಅಂಥ ಮರಕ್ಕೆ ಹೊಡೆದ ಫಲಕಗಳಲ್ಲಿ ‘ಕಾಡಿನ ನಾಶವೆಂದರೆ ಛಾತ್‌ನ ನಾಶ’ ಎಂಬರ್ಥದ ಬರಹ ಇರುತ್ತದೆ. ಥಾಯ್‌ನಲ್ಲಿ ‘ಛಾತ್’ ಎಂದರೆ ಜನ್ಮವೂ ಹೌದು, ದೇಶವೂ ಹೌದು. ಮೂಲ ಪಾಲಿಯ ‘ಜಾತಿ’, ಹುಟ್ಟು ಎಂಬರ್ಥದ್ದು. ಅದೇ ಪದ ನಮ್ಮಲ್ಲಿ ಏನಾಗಿದೆ ಅಂತ ಮಳೆಹನಿಯವರು ಈಗಾಗಲೇ ಹೇಳಿದ್ದಾರೆ.

ಇನ್ನು ನನ್ನ ಇಷ್ಟದ ಮನುಷ್ಯ, ಮಿನಾಕಾತಾ ಕುಮಾಗುಸು. ಜಪಾನಿನ ಜೀವವಿಜ್ಞಾನಿ, ಅಂಟುಬೂಷ್ಟುಗಳ (ಸ್ಲೈಮ್ ಮೋಲ್ಡ್, ಬೂಷ್ಟಿನಂತೆ ಕಾಣುವ ಲೋಳೆಯಂಥ ಜೀವಿ) ಹುಚ್ಚ. 1906ರಲ್ಲಿ ಸರಕಾರ ಊರೂರಿನ ಸಣ್ಣ ಶಿಂಟೋ ಗುಡಿಗಳನ್ನು ದೊಡ್ಡ ಗುಡಿಗೆ ವಿಲೀನ ಮಾಡಲು ಹೊರಟಿತು. ಹತ್ತಾರು ಸಾವಿರ ಗುಡಿ ಮುಚ್ಚಿದವು. ಗುಡಿ ಹೋದರೆ ಸುತ್ತಲಿನ ತೋಪು ಯಾರದು? ಟಿಂಬರಿನವರದು. ಈತ ಎದ್ದು ನಿಂತ, ಪತ್ರ ಬರೆದ, 1910ರಲ್ಲಿ ಸಭೆಗೆ ನುಗ್ಗಿ ಗಲಾಟೆ ಮಾಡಿ ಜೈಲಿಗೂ ಹೋದ. ವಿಲೀನದ ನೀತಿ ಕೊನೆಗೆ ನಿಂತುಹೋಯಿತು. 1929ರಲ್ಲಿ ಚಕ್ರವರ್ತಿ ಆ ಕಡೆ ಬಂದಾಗ ಇದೇ ಮನುಷ್ಯ ಅಂಟುಬೂಷ್ಟಿನ ಮಾದರಿಗಳನ್ನು ಖಾಲಿ ಮಿಠಾಯಿ ಡಬ್ಬಿಗಳಲ್ಲಿ ತುಂಬಿ ಕಾಣಿಕೆ ಕೊಟ್ಟ! ನೊಣ ಅವರು ಗಮನಿಸಬೇಕು. ಇಲ್ಲಿ ಕಾನೂನು ಮರ ಕಡಿಯಲು ಹೊರಟಿತ್ತು, ದೇವರು ಅಡ್ಡ ಇದ್ದ, ಮತ್ತು ದೇವರ ಪರವಾಗಿ ವಾದಿಸಿದ್ದು ವಿಜ್ಞಾನಿ.

ನಾಸ್ತಿಕ ನೊಣ

ಸರಿ, ಈ ಸುತ್ತು ನಿಮ್ಮದು. ನಿಯಮಗಿರಿಯನ್ನೂ ನಾನೇ ಒಪ್ಪಿಸಿಬಿಡುತ್ತೇನೆ. ಒಡಿಶಾದ ಡೋಂಗ್ರಿಯಾ ಕೋಂಧರಿಗೆ ಆ ಬೆಟ್ಟ ನಿಯಮರಾಜನೆಂಬ ದೇವರು, ಒಳಗೆ ಬಾಕ್ಸೈಟ್, ಅಂದರೆ ಅಲ್ಯುಮಿನಿಯಂ ಅದಿರು. 2013ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು, ಗಣಿಯಿಂದ ಅವರ ಧಾರ್ಮಿಕ ಹಕ್ಕಿಗೆ ಧಕ್ಕೆ ಬರುತ್ತದೋ ಇಲ್ಲವೋ ಗ್ರಾಮಸಭೆಗಳೇ ಹೇಳಲಿ ಎಂದಿತು. ಹನ್ನೆರಡಕ್ಕೆ ಹನ್ನೆರಡೂ ಬೇಡ ಎಂದವು. ಆದರೆ ಅಲ್ಲಿ ಗೆದ್ದದ್ದು ದೇವರೊಬ್ಬನೇ ಅಲ್ಲ. ಅರಣ್ಯ ಹಕ್ಕು ಕಾಯ್ದೆ, ಗ್ರಾಮಸಭೆ, ಕೋರ್ಟು ಎಲ್ಲ ಸೇರಿ. ಬೀಜದುಂಡೆ, ಕರೆಂಟು ಬಂತಾ? ನಿಮ್ಮ ಚರ್ಚು ಕಾಡಿನ ದನದ ಕತೆ ಅರ್ಧಕ್ಕೇ ನಿಂತಿದೆ.

ಬೀಜದುಂಡೆ

ಬಂತು. ಇಥಿಯೋಪಿಯದ ಅರಣ್ಯ ವಿಜ್ಞಾನಿ ಅಲೆಮಾಯೆಹು ವಾಸ್ಸಿ, ಮತ್ತು ಮರದ ತುದಿಗಳ ಅಧ್ಯಯನಕ್ಕೆ ಹೆಸರಾದ ಅಮೆರಿಕದ ಮೆಗ್ ಲೋಮನ್ ಸೇರಿ ಪಾದ್ರಿಗಳಿಗೆ ಅವರವರ ಕಾಡಿನ ಉಪಗ್ರಹ ಚಿತ್ರ ತೋರಿಸಿದರು. ಕಾಡಿನ ಸುತ್ತ ಗೋಡೆ ಕಟ್ಟುವ ಯೋಚನೆ ಗಟ್ಟಿಯಾಯಿತು. ಸಿಮೆಂಟು ಗಿಮೆಂಟು ಇಲ್ಲ, ಒಣ ಕಲ್ಲಿನ ಗೋಡೆ. ಕಲ್ಲು ಎಲ್ಲಿಂದ? ಸುತ್ತಲಿನ ರೈತರ ಹೊಲದಿಂದ. ಅವರಿಗೆ ನೇಗಿಲಿಗೆ ತಾಗುವ ಕಲ್ಲು ಹೋಯಿತು, ಚರ್ಚಿಗೆ ಗೋಡೆ ಬಂತು, ದನ ಹೊರಗುಳಿಯಿತು, ಸಸಿ ಎದ್ದಿತು.

ನಾಸ್ತಿಕ ನೊಣ

ಅಂದರೆ ಕೊನೆಗೆ ಕೆಲಸ ಮಾಡಿದ್ದು ಗೋಡೆ. ದನಕ್ಕೆ ಫಾದಿ ಗೊತ್ತಾಗುವುದಿಲ್ಲವಲ್ಲ!

ಬೀಜದುಂಡೆ

ನಗಿ, ನಗಿ. ನಿಮಗೆ ಇನ್ನೂ ಖುಷಿಯಾಗುವ ವಿಷಯ ಹೇಳಲೇ? ಎಷ್ಟೋ ಚರ್ಚು ಕಾಡುಗಳಲ್ಲಿ ನೀಲಗಿರಿ ನೆಟ್ಟಿದ್ದಾರೆ. ನೆಟ್ಟದ್ದು ಹೊರಗಿನವರಲ್ಲ, ಚರ್ಚಿನವರೇ. ಬೇಗ ಬೆಳೆಯುತ್ತದೆ, ಮಾರಿದರೆ ಚರ್ಚಿನ ಖರ್ಚಿಗೆ ದುಡ್ಡು.

ಅಲೆಮಾರಿ

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು.

ಬೀಜದುಂಡೆ

ಅಷ್ಟು ಸಲೀಸಾಗಿ ಹೇಳಬೇಡಿ. ಹೊಟ್ಟೆಗೂ ಸಾಲದ ಊರಿನ ಚರ್ಚು ಅದು. ಹಳೆಯ ಮರಕ್ಕೆ ಕೊಡಲಿ ಹಾಕುವ ಬದಲು ಅಂಚಿನಲ್ಲಿ ನೀಲಗಿರಿ ನೆಟ್ಟು ಮಾರಿದರೆ ನಾನಂತೂ ಬೈಯಲಾರೆ. ಒಳಕ್ಕೆ ಬಂದರೆ ಬೈಯುತ್ತೇನೆ.

ಗೋಡೆಯ ಬಗ್ಗೆ ನೊಣ ಅವರು ಆಡಿದ ಮಾತಿಗೆ ಒಂದು ಸಂಗತಿ. ಕೆಲವು ಕಡೆ ಪಾದ್ರಿಗಳು ಗೋಡೆಯನ್ನು ಈಗಿನ ಕಾಡಿನ ಅಂಚಿಗೆ ಕಟ್ಟಿಸದೆ, ಒಂದಷ್ಟು ಆಚೆಗೆ, ಬೋಳು ನೆಲ ಒಳಗೆ ಬರುವ ಹಾಗೆ ಕಟ್ಟಿಸಿದ್ದಾರೆ. ಗೋಡೆಯ ಒಳಗೆ ಬಿದ್ದದ್ದು ದೇವರ ನೆಲ. ಆ ಬೋಳು ಪಟ್ಟಿಯಲ್ಲಿ ಮೇಯಿಸಲೂ ಆಗುವುದಿಲ್ಲ, ಉಳಲೂ ಆಗುವುದಿಲ್ಲ. ಕಾಡು ತಾನೇ ಹೆಜ್ಜೆ ಹೆಜ್ಜೆಯಾಗಿ ಗೋಡೆಯ ಕಡೆಗೆ ಬರುತ್ತಿದೆ.

ನಾಸ್ತಿಕ ನೊಣ

ಎಷ್ಟು ಆಚೆಗೆ ಅಂತ ತೀರ್ಮಾನ ಮಾಡುವಾಗ ಪಕ್ಕದ ಹೊಲದವನು ಸುಮ್ಮನಿದ್ದನಾ? ಅದನ್ನು ಹೇಳಿ, ಇವತ್ತಿಗೆ ನಾನು ಹಾರಿ ಹೋಗುತ್ತೇನೆ.